ರಾಜನ ವೇಷ ಬೇಡ, ಕೆರೆ ಕಟ್ಟಿಸಿ: ಮಧ್ಯಕಾಲದ ಬದುಕನ್ನು ತರಗತಿಯಲ್ಲಿ ಕಲಿಸುವ ಸಮಗ್ರ ಮಾರ್ಗದರ್ಶಿ

ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರುಗಳು, ಮೇಡಂಗಳು ಕಳಿಸುವ ‘ಮಧ್ಯಕಾಲೀನ ದಿನ’ದ ಫೋಟೊಗಳಲ್ಲಿ ನನಗೆ ಸಾಮಾನ್ಯವಾಗಿ ಕಾಣುವುದು ಇಷ್ಟು: ಬಾಡಿಗೆ ಕಿರೀಟ ತೊಟ್ಟ ಹನ್ನೊಂದು ಕೃಷ್ಣದೇವರಾಯರು, ಥರ್ಮಕೋಲಿನ ಕಲ್ಲಿನ ರಥ, ಚೆಂಡುಹೂವಿನ ತೋರಣ, ಮೂಲೆಯಲ್ಲಿ ಮೆಣಸಿನಕಾಯಿ ಬಜ್ಜಿ. ಮಕ್ಕಳಿಗೆ ಖುಷಿ, ಪೋಷಕರಿಗೂ ಖುಷಿ. ಮರುದಿನ ‘ಆಗ ಒಬ್ಬ ಕುಂಬಾರನ ಮನೆಯಲ್ಲಿ ಬೆಳಗ್ಗೆ ಏನು ತಿನ್ನುತ್ತಿದ್ದರು?’ ಎಂದು ಕೇಳಿದರೆ ಮಾತ್ರ ತರಗತಿಗೆ ತರಗತಿಯೇ ಮೌನ.

ಇದರಲ್ಲಿ ಮಕ್ಕಳ ತಪ್ಪೇನಿಲ್ಲ. ಚಟುವಟಿಕೆಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಉದುರಿರುತ್ತವೆ, ಅಷ್ಟೇ. ಇಲ್ಲಿ ಕೊಟ್ಟಿರುವುದು ಒಂಬತ್ತು ಪಿರಿಯಡ್‌ಗಳ ಸರಣಿ. ಎರಡನೇ ಹಂತದಲ್ಲಿ ಕಲಿತ ಕಲ್ಲು ಓದುವ ಅಭ್ಯಾಸ ಕೊನೆಯವರೆಗೂ ಬೇಕು. ನಾಲ್ಕನೇ ಹಂತದಲ್ಲಿ ಕಟ್ಟಿದ ಕೆರೆಗೆ ಐದನೇ ಹಂತದ ಸಂತೆಯಿಂದ ಸುಂಕ ಬರುತ್ತದೆ, ಆರನೇ ಹಂತದಲ್ಲಿ ಅದರ ದಾನಶಾಸನ ಹುಟ್ಟುತ್ತದೆ, ಆ ಶಾಸನದಲ್ಲಿ ಉಳಿದ ಸಡಿಲ ಮಾತಿನಿಂದ ಏಳನೇ ಹಂತದ ಜಗಳ ಏಳುತ್ತದೆ. ಆದ್ದರಿಂದ ಕ್ರಮ ತಪ್ಪಿಸಬೇಡಿ. ಸಂತೆ ಮಜವಾಗಿರುತ್ತದೆಂದು ಅದನ್ನೇ ಮೊದಲು ಇಟ್ಟರೆ ಉಳಿದ ಏಳು ಪಿರಿಯಡ್ ನಿಮ್ಮ ಕೈಗೆ ಸಿಗುವುದಿಲ್ಲ.

ಏಳನೇ ತರಗತಿಯಿಂದ ಹತ್ತರವರೆಗೆ ಇದು ಹೊಂದುತ್ತದೆ. ಮಕ್ಕಳು ಇಪ್ಪತ್ತೈದರಿಂದ ನಲವತ್ತರವರೆಗೆ ಇರಬಹುದು.

## ಮೊದಲೇ ಒಟ್ಟುಮಾಡಿಕೊಳ್ಳಬೇಕಾದ ಸಾಮಾನು

ದುಡ್ಡು ಹೆಚ್ಚು ಬೇಡ, ಓಡಾಟ ಬೇಕು. ಗಾರೆ ಕೆಲಸದವರ ಹಳೆಯ ಬಾಂಡ್ಲಿ ಐದು. ಒಂದೊಂದು ಪುಟ್ಟಿ ಮರಳು, ಕೆಮ್ಮಣ್ಣು, ಜೇಡಿಮಣ್ಣು. ಬೆರಳುಗಾತ್ರದ ಬಿದಿರಿನ ಕೊಳವೆಗಳು. ಹಳೆಯ ಬಿಳಿ ಪಂಚೆ ಒಂದು, ಹುಣಸೆಬೀಜ ಅರ್ಧ ಸೇರು, ಇದ್ದಿಲು, ಬಳಪ. ಅಳತೆಗೆ ಕರಟಗಳು ಮತ್ತು ಒಂದು ಬಕೆಟ್ಟು. ಭತ್ತ, ರಾಗಿ, ಜೋಳ, ಹುರುಳಿ ತಲಾ ಎರಡು ಕಿಲೊ. ಕೊನೆಗೆ ಬಿಸಿಯೂಟದ ಕೋಣೆಗೆ ಕೊಟ್ಟರಾಯಿತು, ಆದರೆ ಮಣ್ಣಿನ ಕೈ ತಾಗದಂತೆ ನೋಡಿಕೊಳ್ಳಿ. ದಪ್ಪ ಮೊಳೆಗಳು, ಒಂದು ಟಾರ್ಚು, ಚೀಟಿಗಳಿಗೆ ರಟ್ಟು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಅಕ್ಕಸಾಲಿಗರು ಚಿನ್ನ ತೂಗಲು ಗುಲಗಂಜಿ ಬಳಸುತ್ತಿದ್ದರೆಂದು ಕೆಲವರು ಅದನ್ನೇ ತರಗತಿಗೆ ತರುತ್ತಾರೆ. ಗುಲಗಂಜಿ ಬೀಜ ಕಡು ವಿಷ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಚಿತ್ರ ತೋರಿಸಿ ಸಾಕು.

## ಹಂತ 1: ಒಂದು ವರ್ಷ, ಒಂದು ಊರು (ಒಂದು ಪಿರಿಯಡ್)

‘ಮಧ್ಯಕಾಲ’ ಎನ್ನುವುದು ನೂರಾರು ವರ್ಷಗಳ ಮೂಟೆ. ಅದನ್ನು ಇಡಿಯಾಗಿ ಹೊರಲು ಹೋದರೆ ಹೊಯ್ಸಳರ ಸೈನಿಕನ ಕೈಗೆ ಬಂದೂಕು ಬರುತ್ತದೆ. ಒಂದು ವರ್ಷ ಗೊತ್ತುಮಾಡಿ. ನಾನು ಬಳಸುವುದು ಕ್ರಿ.ಶ. 1150, ದಕ್ಷಿಣ ಕರ್ನಾಟಕದ ಒಂದು ಕೆರೆಯೂರು. ಬೇಲೂರಿನ ಚೆನ್ನಕೇಶವ ದೇವಾಲಯ ನಿಂತು ಮೂವತ್ತು ವರ್ಷವಾಗಿದೆ, ಕಲ್ಯಾಣದ ಕಡೆಯಿಂದ ಶರಣರ ಸುದ್ದಿ ಬರುವ ಕಾಲ, ಹಂಪಿಯ ಸಾಮ್ರಾಜ್ಯ ಹುಟ್ಟಲು ಇನ್ನೂ ಸುಮಾರು ಇನ್ನೂರು ವರ್ಷ. ಊರಿಗೆ ಹೆಸರನ್ನು ಮಕ್ಕಳೇ ಇಡಲಿ. ಒಬ್ಬ ರಾಜನ ಹೆಸರೂ ಈ ಪಿರಿಯಡ್‌ನಲ್ಲಿ ಬರಬಾರದು.

ಬೋರ್ಡಿನ ಮೇಲೆ ಎರಡು ಕಾಲಂ ಎಳೆಯಿರಿ: ‘ಇತ್ತು’, ‘ಇರಲಿಲ್ಲ’. ಮಕ್ಕಳು ಒಂದೊಂದೇ ವಸ್ತು ಹೇಳಲಿ, ಎಲ್ಲಿ ಬರೆಯಬೇಕೆಂದು ವಾದಿಸಲಿ. ರಾಗಿ, ಜೋಳ, ಭತ್ತ, ಹುರುಳಿ, ಉದ್ದು, ಅವರೆ, ಎಳ್ಳು, ಬೆಲ್ಲ, ಹುಣಸೆ, ಬದನೆ, ಬಾಳೆ, ಹಲಸು, ಅಡಕೆ ಇದ್ದವು. ಇಡ್ಲಿಯ ಪೂರ್ವಜ ‘ಇಡ್ಡಲಿಗೆ’ಯ ಹೆಸರು 10ನೇ ಶತಮಾನದ ಕನ್ನಡ ಗದ್ಯದಲ್ಲೇ ಸಿಗುತ್ತದೆ.

ಇರಲಿಲ್ಲದ ಪಟ್ಟಿ ಮಕ್ಕಳನ್ನು ಬೆಚ್ಚಿಬೀಳಿಸುತ್ತದೆ: ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ, ಕಡಲೆಕಾಯಿ, ಮುಸುಕಿನ ಜೋಳ, ಗೋಡಂಬಿ, ಸೀಬೆ, ಪರಂಗಿ, ಅನಾನಸ್, ಸಿಹಿಗುಂಬಳ, ಹೊಗೆಸೊಪ್ಪು. ಎಲ್ಲವೂ ಅಮೆರಿಕ ಖಂಡದ ಬೆಳೆಗಳು. 1498ರಲ್ಲಿ ಪೋರ್ಚುಗೀಸರು ಕಡಲ ದಾರಿ ಹಿಡಿದು ಬಂದ ಮೇಲೆ ಇಲ್ಲಿಗೆ ತಲುಪಿದವು. ಮೇಲೆ ಹೇಳಿದ ಚೆಂಡುಹೂವಿನ ಕತೆಯೂ ಅದೇ, ಅದರ ತೌರು ಮೆಕ್ಸಿಕೊ. ಭಾಷೆಯೇ ಇದಕ್ಕೆ ಸಾಕ್ಷಿ ಹೇಳುತ್ತದೆ, ಅದನ್ನು ಮಕ್ಕಳ ಬಾಯಿಂದಲೇ ಹೊರಡಿಸಿ: ಹಳೆಯದಕ್ಕೆ ‘ಮೆಣಸು’ ಎಂದೇ ಹೆಸರಿತ್ತು, ಹೊಸದಾಗಿ ಬಂದ ಖಾರದ ಕಾಯಿ ‘ಮೆಣಸಿನ ಕಾಯಿ’ ಆಯಿತು. ‘ಪರಂಗಿ’ ಹಣ್ಣಿನ ಹೆಸರಲ್ಲೇ ಪರದೇಶಿ ಕೂತಿದ್ದಾನೆ.

ಸಾಮಾನ್ಯ ತಪ್ಪು: ಪಟ್ಟಿಯನ್ನು ನೀವೇ ಬರೆದುಕೊಟ್ಟುಬಿಡುವುದು. ‘ಖಾರವಿಲ್ಲದೆ ಸಾರು ಹೇಗೆ ಮಾಡುತ್ತಿದ್ದರು ಸಾರ್?’ ಎಂಬ ಪ್ರಶ್ನೆ ಮಕ್ಕಳಿಂದ ಬಂದರೆ ಈ ಹಂತ ಗೆದ್ದಂತೆ. ಅದಕ್ಕೂ ನೀವು ಉತ್ತರ ಕೊಡಬೇಡಿ, ಮನೆಯ ಅಜ್ಜಿಯ ಹತ್ತಿರ ಕಳಿಸಿ. ಬಾಣಂತಿಗೆ ಮಾಡುವ ಮೆಣಸಿನ ಸಾರು ನಾಳೆ ತರಗತಿಗೆ ಸುದ್ದಿಯಾಗಿ ಬರುತ್ತದೆ.

## ಹಂತ 2: ವೀರಗಲ್ಲು ಓದಿಸುವುದು (ಒಂದು ಪಿರಿಯಡ್, ಸಾಧ್ಯವಾದರೆ ಒಂದು ಭೇಟಿ)

ಇಡೀ ಸರಣಿಯ ಬುಡ ಇದು. ಅವಸರ ಮಾಡಬೇಡಿ.

ನಿಮ್ಮ ಊರಿನ ಸುತ್ತ ಐದು ಕಿಲೋಮೀಟರಿನೊಳಗೆ ಒಂದಾದರೂ ವೀರಗಲ್ಲು, ಅಂದರೆ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು, ಇರುವ ಸಂಭವ ಹೆಚ್ಚು. ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ನೋಡಿ. ಎಷ್ಟೋ ಕಡೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಬೇರೆ ದೇವರ ಹೆಸರಿನಲ್ಲಿ ಪೂಜೆ ನಡೆಯುತ್ತಿರುತ್ತದೆ. ಬೆಂಗಳೂರಿನವರಿಗೆ ಬೇಗೂರಿನ ನಾಗೇಶ್ವರ ದೇವಾಲಯ ಹತ್ತಿರ. ‘ಬೆಂಗಳೂರು ಕಾಳಗ’ವನ್ನು ಹೆಸರಿಸುವ, ಕ್ರಿ.ಶ. 890ರ ಸುಮಾರಿನ ಶಾಸನ ಅಲ್ಲಿದೆ. ವಾರಾಂತ್ಯದಲ್ಲಿ ಕನ್ನಡ ಕಲಿಸುವ ಹೊರದೇಶದ ಕನ್ನಡಿಗರಿಗೆ ಕಲ್ಲಿನ ದೊಡ್ಡ ಫೋಟೊ ಸಾಕು, ಉಳಿದ ಹಂತಗಳೆಲ್ಲ ಎಲ್ಲಿದ್ದರೂ ನಡೆಯುತ್ತವೆ.

1. ಮೊದಲ ಹತ್ತು ನಿಮಿಷ ಮಾತಿಲ್ಲ. ಮಕ್ಕಳು ಕಲ್ಲು ನೋಡಿ ಕಂಡದ್ದನ್ನು ಮಾತ್ರ ಬರೆಯಲಿ. ‘ಯುದ್ಧ’ ಎಂದು ಬರೆಯುವಂತಿಲ್ಲ. ‘ಬಿಲ್ಲು ಹಿಡಿದ ಒಬ್ಬ, ಕತ್ತಿ ಹಿಡಿದ ಇಬ್ಬರು, ಕೆಳಗೆ ನಾಲ್ಕು ಹಸು’ ಎಂದು ಬರೆಯಬೇಕು. ಕತೆಯನ್ನು ನೀವು ಮೊದಲೇ ಹೇಳಿಬಿಟ್ಟರೆ ಮಕ್ಕಳು ಕಲ್ಲನ್ನು ನೋಡುವುದೇ ಇಲ್ಲ, ನಿಮ್ಮ ಮುಖ ನೋಡುತ್ತಾರೆ.

2. ಕೆಳಗಿನಿಂದ ಮೇಲಕ್ಕೆ ಓದಿಸಿ. ಇಲ್ಲೇ ನೂರಕ್ಕೆ ತೊಂಬತ್ತು ಜನ ಎಡವುವುದು. ಪುಸ್ತಕದ ಅಭ್ಯಾಸದಿಂದ ಮೇಲಿನಿಂದ ಶುರುಮಾಡಿದರೆ ಸತ್ತವನು ಸ್ವರ್ಗದಿಂದ ಇಳಿದು ಬಂದು ಹೊಡೆದಾಡಿದಂತಾಗುತ್ತದೆ. ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತವೆ: ತಳದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ತುದಿಯಲ್ಲಿ ಅವನು ಲಿಂಗದ ಮುಂದೆಯೋ ಜಿನನ ಮುಂದೆಯೋ ಕೂತಿರುವುದು. ಎಲ್ಲಕ್ಕಿಂತ ಮೇಲೆ ಸೂರ್ಯ ಚಂದ್ರ. ಅವು ಇರುವ ತನಕ ಈ ಹೆಸರೂ ಇರಲಿ ಎಂದು. ಅಕ್ಷರಗಳಿದ್ದರೆ ಪಟ್ಟಿಕೆಗಳ ನಡುವಿನ ಅಂಚಿನಲ್ಲಿರುತ್ತವೆ.

3. ಮೂರು ಕಾಲಂ ತುಂಬಿಸಿ: ‘ಕಂಡದ್ದು’, ‘ಅದರಿಂದ ಊಹಿಸಿದ್ದು’, ‘ಈ ಕಲ್ಲು ಹೇಳದೆ ಇದ್ದದ್ದು’. ಮೂರನೆಯದೇ ಚಿನ್ನ. ತಳದಲ್ಲಿ ಹಸುಗಳಿದ್ದರೆ ಅದು ತುರುಗೋಳು, ಅಂದರೆ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನ ಕಲ್ಲು. ದನವೇ ಆಸ್ತಿಯಾಗಿದ್ದ ಊರು ಎಂಬುದು ಅಲ್ಲೇ ತಿಳಿಯುತ್ತದೆ. ಅವನ ಹೆಂಡತಿ ಮಕ್ಕಳು ಆಮೇಲೆ ಏನಾದರು ಎಂಬುದು ಬಹಳ ಸಲ ತಿಳಿಯುವುದಿಲ್ಲ.

ಮಕ್ಕಳು ಬೇಗ ಒಲಿಯಬೇಕೆಂದರೆ ಆತಕೂರಿನ ಕಲ್ಲಿನ ಚಿತ್ರ ಜೊತೆಗಿರಲಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 950ರ ಸುಮಾರಿನ ಈ ಕಲ್ಲಿನಲ್ಲಿ ನಾಯಿ ಮತ್ತು ಹಂದಿ ಸೆಣಸುತ್ತಿವೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಗಂಗ ಬೂತುಗನಿಂದ ಬಹುಮಾನವಾಗಿ ಕೇಳಿ ಪಡೆದದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಂತಿತು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲಿನ ಕತೆ ಕೇಳಿದ ಮೇಲೆ ಹಿಂದಿನ ಬೆಂಚಿನ ಹುಡುಗರೂ ತಮ್ಮೂರಿನ ಕಲ್ಲು ಹುಡುಕಲು ಹೊರಡುತ್ತಾರೆ. ಹೊಲಕ್ಕೆ ಹೋಗಿ ಮುಳ್ಳು ಸರಿಸಿ ನೋಡಿದ್ದೇವೆ ಎಂದು ಫೋಟೊ ತಂದವರೂ ಉಂಟು.

ಭೇಟಿಗೆ ಹೋದಾಗ: ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ, ತಂತಿಯ ಬ್ರಷ್ಷಂತೂ ಮುಟ್ಟಲೇಬೇಡಿ. ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಓರೆಯಾಗಿ ಹಿಡಿಯಿರಿ. ನೆರಳು ಬಿದ್ದು ಅಕ್ಷರಗಳು ಎದ್ದು ನಿಲ್ಲುತ್ತವೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲೂ ಅದೇ ಕೆಲಸ ಮಾಡುತ್ತದೆ. ಹೊಲದವರನ್ನು ಕೇಳಿ ಹೋಗಿ, ಪೂಜೆ ನಡೆಯುವ ಕಲ್ಲಾದರೆ ಚಪ್ಪಲಿ ಬಿಡಿ. ಕಲ್ಲಿನ ಬುಡದಲ್ಲಿ ಹಾವು ಚೇಳು ಇರುತ್ತವೆ, ಮೊದಲು ಕೋಲಿನಿಂದ ನೀವು ಸರಿಸಿ ನೋಡಿ.

ಬಳೆ ತೊಟ್ಟ ಕೈಯೊಂದು ಮೇಲೆದ್ದಿರುವ ಕಲ್ಲು ಸಿಕ್ಕರೆ ಅದು ಮಾಸ್ತಿಕಲ್ಲು, ಸತ್ತ ಗಂಡನ ಚಿತೆಯೇರಿದ ಹೆಂಡತಿಯ ನೆನಪಿನ ಕಲ್ಲು. ‘ಅವಳು ಒಪ್ಪಿದ್ದಳಾ?’ ಎಂದು ಒಬ್ಬ ಹುಡುಗಿಯಾದರೂ ಕೇಳುತ್ತಾಳೆ. ಮಾತು ಹಾರಿಸಬೇಡಿ. ಆ ಪ್ರಶ್ನೆಯನ್ನು ಮೂರನೇ ಕಾಲಂನಲ್ಲಿ ಅವಳ ಕೈಯಿಂದಲೇ ಬರೆಸಿ.

## ಹಂತ 3: ಕಸುಬಿನ ಚೀಟಿ (ಒಂದು ಪಿರಿಯಡ್)

ಈಗ ಊರಿಗೆ ಜನ ಬರಬೇಕು. ತರಗತಿಯಲ್ಲಿ ಎಷ್ಟು ಮಕ್ಕಳೋ ಅಷ್ಟು ಚೀಟಿ: ಗೌಡ, ಲೆಕ್ಕ ಬರೆಯುವ ಸೇನಬೋವ, ತಳವಾರ, ಕೆರೆಯ ನೀರು ಬಿಡುವ ನೀರುಗಂಟಿ, ಗಾಣಿಗ, ಕುಂಬಾರ, ಕಮ್ಮಾರ, ಬಡಗಿ, ಅಕ್ಕಸಾಲಿ, ನೇಕಾರ, ಮಡಿವಾಳ, ಮೇದರು, ತುರುಗಾಹಿ, ಅಂಬಿಗ, ಎಲೆ ಮಾರುವ ತಂಬುಲಿಗ, ಹೂ ಕಟ್ಟುವವರು, ಸೆಟ್ಟಿ, ಪೂಜಾರಿ, ಕಲ್ಲು ಕೆತ್ತುವ ರೂವಾರಿ, ಸುಂಕದವನು, ಮತ್ತು ಬಹುಪಾಲು ಬೇಸಾಯದ ಒಕ್ಕಲು. ನಲವತ್ತು ಮಕ್ಕಳಿದ್ದರೆ ಹದಿನೆಂಟು ಚೀಟಿಯಾದರೂ ಒಕ್ಕಲಿನವರದೇ ಆಗಿರಲಿ. ರಾಜನ ಚೀಟಿ ಇಲ್ಲ. ಊರಿನವರಲ್ಲಿ ಹೆಚ್ಚಿನವರು ರಾಜನನ್ನು ಕಣ್ಣಲ್ಲಿ ಕಂಡೇ ಇರುತ್ತಿರಲಿಲ್ಲ.

ಇದು ಕಲ್ಪನೆಯ ಪಟ್ಟಿ ಅನ್ನುವವರಿಗೆ ಶರಣರ ಹೆಸರುಗಳನ್ನೇ ಬೋರ್ಡಿನ ಮೇಲೆ ಬರೆಯಿರಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೇದರ ಕೇತಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ. ಹೆಸರಿನ ಮೊದಲರ್ಧದಲ್ಲೇ ಕಸುಬು ಇದೆ. ನುಲಿ ಅಂದರೆ ಏನು, ಹಡಪ ಅಂದರೆ ಏನು, ಕದಿರು ಅಂದರೆ ಏನು ಎಂದು ಮಕ್ಕಳೇ ಹುಡುಕಲಿ. ಈ ಒಂದು ಪಟ್ಟಿಗೇ ಇಪ್ಪತ್ತು ನಿಮಿಷ ಹಿಡಿದರೂ ನಷ್ಟವಿಲ್ಲ.

ಈ ಹಂತದ ದೊಡ್ಡ ಎಚ್ಚರಿಕೆ. ಚೀಟಿಯನ್ನು ಡಬ್ಬಿಯಿಂದ ಎತ್ತಿಸಿ, ನೀವು ಹಂಚಬೇಡಿ. ನಮ್ಮೂರುಗಳಲ್ಲಿ ಯಾವ ಮಗು ಯಾವ ಕೇರಿಯಿಂದ ಬರುತ್ತದೆಂದು ತರಗತಿಗೆಲ್ಲ ಗೊತ್ತಿರುತ್ತದೆ. ‘ನಿಮ್ಮಪ್ಪ ಅದೇ ಅಲ್ವಾ, ನೀನೇ ಮಾಡು’ ಎಂದು ಮೇಷ್ಟ್ರ ಬಾಯಿಂದ ತಮಾಷೆಗೆ ಬಂದ ಒಂದು ಮಾತು ಆ ಮಗುವನ್ನು ವರ್ಷವಿಡೀ ಕುಟುಕುತ್ತದೆ. ನಾನು ಕಲಿಸಲು ಶುರುಮಾಡಿದ ಹೊಸದರಲ್ಲಿ ಇಂಥದೇ ಒಂದು ಮಾತಾಡಿ, ಒಬ್ಬ ಹುಡುಗ ಮೂರು ದಿನ ಶಾಲೆಗೆ ಬರದೆ ಇದ್ದದ್ದು ಇವತ್ತಿಗೂ ಮರೆತಿಲ್ಲ. ಚೀಟಿಯಲ್ಲಿ ಜಾತಿಯ ಹೆಸರು ಬರೆಯಬೇಡಿ. ಕಸುಬು ಬರೆಯಿರಿ, ಅದರ ಕೆಳಗೆ ಎರಡು ಸಾಲು: ಈ ಮನೆಗೆ ವರ್ಷಕ್ಕೆ ಎಷ್ಟು ಕೊಳಗ (ಕಾಳು ಅಳೆಯುವ ಹಳೆಯ ಅಳತೆ) ಧಾನ್ಯ ಬರುತ್ತದೆ, ಊರ ಸಭೆಯಲ್ಲಿ ಮಾತಾಡುವ ಹಕ್ಕಿದೆಯೇ ಇಲ್ಲವೇ. ಅಳತೆ ಮತ್ತು ಹಕ್ಕು ಎರಡೂ ಮುಂದೆ ಕೆಲಸಕ್ಕೆ ಬರುತ್ತವೆ.

ಹಾಗೆಂದು ತಾರತಮ್ಯವನ್ನೇ ಮುಚ್ಚಿಟ್ಟು ‘ಎಲ್ಲರೂ ಸಾಮರಸ್ಯದಿಂದ ಬಾಳುತ್ತಿದ್ದರು’ ಎಂದು ಹೇಳುವುದೂ ತಪ್ಪೇ. ಅದನ್ನು ತೋರಿಸುವ ಜಾಗ ಏಳನೇ ಹಂತ.

## ಹಂತ 4: ಬಾಂಡ್ಲಿಯಲ್ಲಿ ಕೆರೆ (ಒಂದು ಪಿರಿಯಡ್, ಹೊರಗೆ)

ಐದು ತಂಡ, ಐದು ಬಾಂಡ್ಲಿ. ಬಾಂಡ್ಲಿಯ ಒಂದು ಬದಿಗೆ ಇಟ್ಟಿಗೆ ಕೊಟ್ಟು ಸ್ವಲ್ಪ ಓರೆ ಮಾಡಿ. ಮೇಲ್ಭಾಗದಲ್ಲಿ ಎರಡು ಮಣ್ಣಿನ ಗುಡ್ಡ, ಅವುಗಳ ನಡುವೆ ಏರಿ. ಏರಿಯ ತಳದಲ್ಲಿ ಬಿದಿರಿನ ಕೊಳವೆಯೇ ಗದ್ದೆಗೆ ನೀರು ಬಿಡುವ ತೂಬು, ಅದಕ್ಕೊಂದು ಬೆಣೆ. ಏರಿಯ ಒಂದು ಪಕ್ಕ, ತುದಿಗಿಂತ ಎರಡು ಬೆರಳು ಕೆಳಗೆ, ಹೆಚ್ಚಾದ ನೀರು ಹೊರಹೋಗುವ ಕೋಡಿ. ಕೆಳಭಾಗವೆಲ್ಲ ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಗದ್ದೆಬಯಲು. ಆಮೇಲೆ ಮೇಲಿನಿಂದ ನಿಧಾನವಾಗಿ ನೀರು.

ಪ್ರಯೋಗದ ಜೀವ ಇರುವುದು ದೋಷಗಳಲ್ಲಿ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ವಿಜಯನಗರ ಕಾಲದ ಕೆರೆ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗ, ಕೆರೆ ಕೆಡಲು ಕಾರಣವಾಗುವ ಆರು ದೋಷ ಎರಡನ್ನೂ ಅದು ಪಟ್ಟಿಮಾಡುತ್ತದೆ. ಸಾವಿರ ಆಳು, ನೂರು ಗಾಡಿ, ಎರಡು ವರ್ಷ ಎಂದು ಲೆಕ್ಕವನ್ನೂ ಕೊಡುತ್ತದೆ. ನಮ್ಮ ಊರಿಗಿಂತ ಇನ್ನೂರು ವರ್ಷ ಈಚಿನದು ಎಂದು ಮಕ್ಕಳಿಗೆ ಹೇಳಿಯೇ ಬಳಸಿ, ಮೊದಲ ಹಂತದ ಶಿಸ್ತು ಮುರಿಯಬಾರದಲ್ಲ. ಆರು ದೋಷ ಇವು: ಏರಿಯಿಂದ ನೀರು ಒಸರುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಕಡಿಮೆಯಿದ್ದು ನೆಲ ಬಹಳವಿರುವುದು, ನೀರು ಬಹಳವಿದ್ದು ನೆಲ ಕಡಿಮೆಯಿರುವುದು.

ನಾಲ್ಕು ತಂಡಗಳಿಗೆ ಒಂದೊಂದು ದೋಷದ ಚೀಟಿ ಗುಟ್ಟಾಗಿ ಕೊಡಿ: ಬರೀ ಮರಳಿನ ಏರಿ, ನಡುವೆ ದಿಬ್ಬ, ಅರ್ಧ ಚೊಂಬು ನೀರಿಗೆ ದೊಡ್ಡ ಅಚ್ಚುಕಟ್ಟು, ಎರಡು ಬಕೆಟ್ಟು ನೀರಿಗೆ ಅಂಗೈಯಗಲದ ಕೆರೆ. ಐದನೇ ತಂಡ ಸರಿಯಾದದ್ದನ್ನು ಕಟ್ಟಲಿ. ಒಳಗೆ ಜೇಡಿಮಣ್ಣು, ನೀರಿನ ಕಡೆಗೆ ಕಲ್ಲಿನ ಕಟ್ಟಣೆ. ನೀರು ಬಿಟ್ಟಾಗ ಯಾರ ಕೆರೆಗೆ ಯಾವ ದೋಷ ಎಂದು ಉಳಿದವರು ಹೇಳಬೇಕು. ಗಡಿಯಲ್ಲಿ ಕೆರೆಯಿದ್ದರೆ ಏನು ದೋಷ ಎಂಬುದನ್ನು ಬಾಂಡ್ಲಿಯಲ್ಲಿ ತೋರಿಸಲಾಗದು. ತೋರಿಸುವ ಅಗತ್ಯವೂ ಇಲ್ಲ, ಕರ್ನಾಟಕದ ಮಕ್ಕಳಿಗೆ ಅದು ಕೇಳಿದ ಕೂಡಲೇ ಅರ್ಥವಾಗುತ್ತದೆ.

ಒಂದಲ್ಲ ಒಂದು ತಂಡ ಕೋಡಿ ಬಿಡುವುದನ್ನು ಮರೆಯುತ್ತದೆ. ಬಾಯಿಬಿಡಬೇಡಿ. ನೀರು ಏರಿ ಹತ್ತಿ, ಒಡೆದು, ಅಚ್ಚುಕಟ್ಟನ್ನೆಲ್ಲ ಕೊಚ್ಚಿಕೊಂಡು ಹೋಗಲಿ. ಐದನೇ ತಂಡದ ಕೆರೆಯನ್ನು ಕೆಡಿಸದೆ ಇಟ್ಟುಕೊಳ್ಳಿ. ಅದೇ ಇನ್ನು ಮುಂದೆ ನಿಮ್ಮೂರ ಕೆರೆ. ಅದರ ಅಚ್ಚುಕಟ್ಟಿನಲ್ಲಿ ಮೇಲ್ಗದ್ದೆ, ಕೆಳಗದ್ದೆ ಎಂದು ಎರಡು ಭಾಗ ಮಾಡಿ, ಒಬ್ಬೊಬ್ಬ ಒಕ್ಕಲಿಗೆ ಒಂದೊಂದು ಕೊಡಿ.

ಎಚ್ಚರಿಕೆಯ ಗುರುತು: ಮಕ್ಕಳು ಕೆರೆಗೆ ಬಣ್ಣದ ಕಾಗದದ ಬಾತುಕೋಳಿ, ಸೇತುವೆ ಅಂಟಿಸಲು ಶುರುಮಾಡಿದರೆ ಪ್ರಯೋಗ ಹೋಗಿ ಪ್ರದರ್ಶನ ಬಂತೆಂದು ತಿಳಿಯಿರಿ. ತಕ್ಷಣ ನೀರು ಬಿಡಿಸಿ.

## ಹಂತ 5: ಸಂತೆ (ಎರಡು ಪಿರಿಯಡ್)

ಮೊದಲ ಪಿರಿಯಡ್: ಕಡತ, ಅಳತೆ, ನಾಣ್ಯ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಪುಡಿಮಾಡಿ, ನೀರಿನಲ್ಲಿ ಬೇಯಿಸಿ ಅಂಟು ಮಾಡಿಕೊಳ್ಳಿ; ಇದನ್ನು ಹಿಂದಿನ ದಿನ ನೀವೇ ಮಾಡಿ ತರಬೇಕು. ಅದಕ್ಕೆ ನುಣ್ಣಗಿನ ಇದ್ದಿಲ ಪುಡಿ ಕಲಸಿ, ಪಂಚೆಯ ತುಂಡಿನ ಎರಡೂ ಬದಿಗೆ ಬಳಿಸಿ. ನೆರಳಲ್ಲಿ ಒಣಗಿಸಿ ಇನ್ನೊಂದು ಕೈ ಬಳಿಯಿರಿ. ಪೂರ್ತಿ ಒಣಗಿದ ಮೇಲೆ ಬೀಸಣಿಗೆಯಂತೆ ಮಡಚಿದರೆ ಕಡತ ಸಿದ್ಧ. ಬಳಪದಿಂದ ಬರೆದು ಒರೆಸಬಹುದು. ಇವತ್ತು ಆಫೀಸಿನಲ್ಲಿ ‘ಕಡತ ವಿಲೇವಾರಿ’ ಅನ್ನುವ ಮಾತಿನ ಮೂಲ ಇದೇ ಬಟ್ಟೆ ಎಂದು ಮಕ್ಕಳಿಗೆ ಹೇಳಲು ಮರೆಯಬೇಡಿ. ಒಂದೇ ಕೈ ಬಳಿದು ಬಿಸಿಲಲ್ಲಿ ಒಣಗಿಸಿದರೆ ಬಿರುಕು ಬಿಟ್ಟು ಉದುರುತ್ತದೆ, ಬಹಳ ಜನ ಇಲ್ಲೇ ಕೈಚೆಲ್ಲುತ್ತಾರೆ.

ಅಳತೆಗೆ 20 ಕೊಳಗಕ್ಕೆ ಒಂದು ಖಂಡುಗ ಎಂದಿಟ್ಟುಕೊಳ್ಳಿ. ಒಂದು ಕರಟವೇ ನಿಮ್ಮ ಕೊಳಗ. ನಾಣ್ಯಕ್ಕೆ ಈ ಲೆಕ್ಕ ಸಾಕು: 1 ಗದ್ಯಾಣ = 10 ಹಣ, 1 ಹಣ = 4 ಹಾಗ, 1 ಹಾಗ = 4 ವೀಸ. ಕಾಲದಿಂದ ಕಾಲಕ್ಕೆ, ಸೀಮೆಯಿಂದ ಸೀಮೆಗೆ ಬೆಲೆ ಬದಲಾಗುತ್ತಿತ್ತು. ತರಗತಿಗೆ ಇದನ್ನೇ ಗಟ್ಟಿಮಾಡಿ. ಹುಣಸೆಬೀಜ ಹಾಗ, ಹುರುಳಿ ವೀಸ. ಗದ್ಯಾಣ ಚಿನ್ನದ್ದು, ಅದು ಸೆಟ್ಟಿಯ ಹತ್ತಿರ ಒಂದೇ ಇರಲಿ. ಒಕ್ಕಲಿನವರ ಕೈಗೆ ನಾಣ್ಯ ಕೊಡಲೇಬೇಡಿ, ಕಾಳು ಕೊಡಿ.

ಎರಡನೇ ಪಿರಿಯಡ್: ವ್ಯಾಪಾರ. ಪ್ರತಿ ಮನೆಗೂ ಕೊಳ್ಳಬೇಕಾದ ಮೂರು ವಸ್ತುಗಳ ಪಟ್ಟಿ ಕೊಡಿ. ಉದಾಹರಣೆಗೆ, ಕುಂಬಾರನಿಗೆ ಎಣ್ಣೆ, ಬಟ್ಟೆ, ರಾಗಿ. ಅವನ ಹತ್ತಿರ ಇರುವುದು ಮಡಕೆ ಮಾತ್ರ. ಗಾಣಿಗನಿಗೆ ಮಡಕೆ ಬೇಡದಿದ್ದರೆ? ಹದಿನೈದು ನಿಮಿಷದಲ್ಲಿ ಮಕ್ಕಳಿಗೆ ನಾಣ್ಯ ಯಾಕೆ ಬೇಕು, ಸೆಟ್ಟಿ ಯಾಕೆ ಬೇಕು, ಸಾಲ ಹೇಗೆ ಹುಟ್ಟುತ್ತದೆ ಎಲ್ಲ ಗೊತ್ತಾಗುತ್ತದೆ. ದೂರದ ಸರಕು ತರುವ ಸೆಟ್ಟಿಯ ಚೀಟಿಯ ಮೇಲೆ ‘ಅಯ್ಯಾವೊಳೆ ಐನೂರ್ವರು’ ಎಂದು ಬರೆಯಿರಿ. ದೇಶಾಂತರ ವ್ಯಾಪಾರ ಮಾಡುತ್ತಿದ್ದ ಆ ವರ್ತಕ ಸಂಘದ ಹೆಸರು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಬಾಗಿಲಲ್ಲಿ ಸುಂಕದವನನ್ನು ನಿಲ್ಲಿಸಿ. ಹತ್ತಕ್ಕೊಂದು ಅವನ ಬುಟ್ಟಿಗೆ, ಗಾಣಿಗನಿಂದ ದೇವಸ್ಥಾನದ ನಂದಾದೀಪಕ್ಕೆ ಒಂದು ಸೊಲಿಗೆ ಎಣ್ಣೆ. (ಗಾಣಕ್ಕಿಷ್ಟು ಎಣ್ಣೆ ಎಂಬುದು ಶಾಸನಗಳಲ್ಲಿ ಇರುವುದೇ, ಹತ್ತಕ್ಕೊಂದು ಮಾತ್ರ ನಮ್ಮ ಆಟದ ಅನುಕೂಲ.) ಯಾವ ನೆಪಕ್ಕೂ ಬಗ್ಗಬೇಡ ಎಂದು ಅವನಿಗೆ ಹೇಳಿಡಿ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆಯನ್ನು ಆಮೇಲೆ ವಿವರಿಸುವ ಕಷ್ಟ ನಿಮಗಿರುವುದಿಲ್ಲ. ಸಂಗ್ರಹವಾದ ಸುಂಕವನ್ನು ಸೇನಬೋವ ಕಡತದಲ್ಲಿ ಬರೆಯಲಿ. ಅದು ಕೆರೆಯ ದುರಸ್ತಿಗೆ.

ಗದ್ದಲ ಆಗುತ್ತದೆ, ಆಗಲಿ. ಆದರೆ ಹೆಡ್‌ಮಾಸ್ಟರಿಗೆ ಮೊದಲೇ ತಿಳಿಸಿರಿ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ‘ಡ್ರೆಸ್ ಏನು ತರಬೇಕು?’ ಎಂದು ಕೇಳುತ್ತಾರೆ. ‘ಒಂದು ಟವೆಲ್’ ಎಂದು ಬರೆಯಿರಿ. ತೋರಣಕ್ಕೆ ಮಾವಿನೆಲೆ, ಹೂವೇ ಬೇಕೆಂದರೆ ಮಲ್ಲಿಗೆ, ಸಂಪಿಗೆ.

## ಹಂತ 6: ಶಾಸನ ಬರೆಯುವುದು (ಎರಡು ಪಿರಿಯಡ್)

ಕೆರೆಯನ್ನು ವರ್ಷ ವರ್ಷ ಯಾರು ನೋಡಿಕೊಳ್ಳಬೇಕು? ಅದಕ್ಕೆ ಭೂಮಿ ಬಿಟ್ಟುಕೊಡುವ ಪದ್ಧತಿಯಿತ್ತು. ಕೆರೆಗಾಗಿ ಬಿಟ್ಟ ಅಂಥ ನೆಲವನ್ನು ಶಾಸನಗಳು ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂದು ಕರೆಯುತ್ತವೆ. ನಿಮ್ಮೂರ ಗೌಡ ತನ್ನ ಗದ್ದೆಯಲ್ಲಿ ಐದು ಕೊಳಗ ಬೀಜ ಬಿತ್ತುವಷ್ಟು ನೆಲ ಬಿಡುತ್ತಿದ್ದಾನೆ ಎಂದು ಸಾರಿ. ನೆಲವನ್ನು ಬೀಜದ ಅಳತೆಯಲ್ಲಿ ಹೇಳುವುದನ್ನು ಮಕ್ಕಳ ತಾತಂದಿರೂ ಬಲ್ಲರು.

ಮೊದಲ ಪಿರಿಯಡ್‌ನಲ್ಲಿ ಕರಡು. ಈ ಕ್ರಮ ತಪ್ಪಬಾರದು: ‘ಸ್ವಸ್ತಿ’ ಎಂಬ ಮಂಗಳಪದ, ಆಳುವವನ ಬಿರುದು (ರಾಜ ಬರುವುದು ಇಲ್ಲಿ ಮಾತ್ರ, ಅದೂ ಎರಡೇ ಸಾಲು), ಕಾಲ, ಯಾರು, ಯಾರಿಗೆ, ಏನು ಬಿಟ್ಟರು, ನಾಲ್ಕು ದಿಕ್ಕಿನ ಎಲ್ಲೆ, ಸಾಕ್ಷಿಗಳು, ದಾನ ಕೆಡಿಸಿದವನಿಗೆ ಶಾಪ, ಬರೆದವನ, ಕೆತ್ತಿದವನ ಹೆಸರು.

ಕಾಲ ಬರೆಯುವುದು ಒಳ್ಳೆಯ ಗಣಿತ. ಕ್ರಿಸ್ತವರ್ಷದಲ್ಲಿ 78 ಕಳೆದರೆ ಶಕವರ್ಷ: 1150 ಅಂದರೆ ಶಕ 1072. ಸಂವತ್ಸರಕ್ಕೆ, 1987ರ ಯುಗಾದಿಗೆ ಪ್ರಭವ ಶುರುವಾಯಿತೆಂದು ಹೇಳಿ, ಅರವತ್ತರ ಚಕ್ರದಲ್ಲಿ ಹಿಂದಕ್ಕೆ ನಡೆಸಿ. 1147 ಮತ್ತೆ ಪ್ರಭವ, ಅಲ್ಲಿಂದ ವಿಭವ, ಶುಕ್ಲ, ಪ್ರಮೋದೂತ. ಶಕ 1072, ಪ್ರಮೋದೂತ ಸಂವತ್ಸರ. ಮನೆಯ ಪಂಚಾಂಗ ಹಿಡಿದು ಈ ವರ್ಷದ್ದನ್ನೂ ತಾಳೆ ನೋಡಲಿ.

ಶಾಪದ ಸಾಲು ಬರೆಯಲು ಮಕ್ಕಳು ಮುಗಿಬೀಳುತ್ತಾರೆ. ಶಾಸನಗಳಲ್ಲಿ ಬರುವುದು ದಾನ ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎಂದು, ವಾರಣಾಸಿಯಲ್ಲಿ ಕವಿಲೆಗಳನ್ನು (ಕಪಿಲೆ ಹಸುಗಳನ್ನು) ಕೊಂದ ಪಾಪಕ್ಕೆ ಹೋಗುತ್ತಾನೆ ಎಂದು. ಪೊಲೀಸ್ ಠಾಣೆ, ನೋಂದಣಿ ಕಚೇರಿ ಇಲ್ಲದ ಊರಿನಲ್ಲಿ ಪತ್ರವನ್ನು ಕಾಯುವವರು ಯಾರು ಎಂದು ಕೇಳಿ. ಶಾಪಕ್ಕೆ ಕೆಲಸವಿತ್ತು ಎಂಬುದು ಆಗ ತಿಳಿಯುತ್ತದೆ.

ಎರಡನೇ ಪಿರಿಯಡ್‌ನಲ್ಲಿ ಕೆತ್ತನೆ. ಜೇಡಿಮಣ್ಣನ್ನು ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಅರ್ಧ ಅಂಗುಲ ದಪ್ಪದ ಹಲಗೆ ಮಾಡಿ, ಎರಡು ಗಂಟೆ ಆರಲು ಬಿಡಿ. ಹಸಿಯಿದ್ದರೆ ಅಕ್ಷರ ಮುಚ್ಚಿಕೊಳ್ಳುತ್ತದೆ, ಪೂರಾ ಒಣಗಿದ್ದರೆ ಸಿಡಿಯುತ್ತದೆ. ಉಗುರು ಒತ್ತಿದರೆ ಗುರುತು ನಿಂತು ಮಣ್ಣು ಅಂಟದಿದ್ದರೆ ಅದೇ ಹದ. ಮೇಲೆ ಸೂರ್ಯ, ಚಂದ್ರ, ಹಸು, ಕರು. ಅಕ್ಷರಗಳ ನಡುವೆ ಜಾಗ ಬಿಡದೆ, ಪೂರ್ಣವಿರಾಮವಿಲ್ಲದೆ ಬರೆಯಲಿ. ಆಮೇಲೆ ಒಂದು ತಂಡದ ಹಲಗೆಯನ್ನು ಇನ್ನೊಂದು ತಂಡ ಓದಲಿ. ಶಾಸನ ಓದುವವರ ಕಷ್ಟ ಗೊತ್ತಾಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಕೆತ್ತಿದವರ ಹೆಸರು ಬಿಡಿಸಬೇಡಿ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ.

ನೀವು ತಿದ್ದಬಾರದ ತಪ್ಪು: ಎಲ್ಲೆಯ ಸಾಲಿನಲ್ಲಿ ಮಕ್ಕಳು ‘ಪಡುವಲು ಹುಣಸೆಮರ’ ಎಂದಷ್ಟೇ ಬರೆದಿರುತ್ತಾರೆ. ಯಾವ ಹುಣಸೆಮರ, ಮರದ ಈಚೆಯೋ ಆಚೆಯೋ ಎಂದಿರುವುದಿಲ್ಲ. ಹಾಗೇ ಬಿಡಿ.

## ಹಂತ 7: ಊರ ಸಭೆ (ಒಂದು ಪಿರಿಯಡ್)

ಶಾಸನ ನಿಂತು ಮೂವತ್ತು ವರ್ಷ ಕಳೆದಿದೆ ಎನ್ನಿ. ಹುಣಸೆಮರ ಬಿದ್ದುಹೋಗಿದೆ. ಬಿತ್ತುವಟ್ಟದ ನೆಲ ಎಲ್ಲಿಗೆ ಮುಗಿಯುತ್ತದೆ, ತೂಬಿನ ನೀರು ಮೊದಲು ಮೇಲ್ಗದ್ದೆಗೋ ಕೆಳಗದ್ದೆಗೋ ಎಂದು ಜಗಳ. ಎರಡೂ ಕಡೆಯವರಿಗೆ ಮಣ್ಣಿನ ಹಲಗೆ ಮತ್ತು ಸೇನಬೋವನ ಕಡತ, ಎರಡೇ ಸಾಕ್ಷಿ.

ಇನ್ನೊಂದು ಗುಟ್ಟು. ನಿನ್ನೆ ರಾತ್ರಿ ಬೆಣೆ ತೆಗೆದವರು ಯಾರೆಂದು ನೀರುಗಂಟಿಯ ಕಿವಿಯಲ್ಲಿ ಮಾತ್ರ ಹೇಳಿಡಿ. ನೀರುಗಂಟಿಯ ಚೀಟಿಯಲ್ಲಿ ‘ಸಭೆಯಲ್ಲಿ ಮಾತಾಡುವ ಹಕ್ಕಿಲ್ಲ’ ಎಂದಿರಬೇಕು. ಹಕ್ಕಿಲ್ಲದವರೆಲ್ಲ ಬಾಗಿಲಿನಾಚೆ ವರಾಂಡದಲ್ಲಿ ಕೂರಬೇಕು, ಕೇಳಿಸಿಕೊಳ್ಳಬಹುದು, ಬಾಯಿ ತೆರೆಯುವಂತಿಲ್ಲ. ಒಳಗೆ ಆರೇಳು ಜನ ಹದಿನೈದು ನಿಮಿಷ ವಾದಿಸಿ ತಪ್ಪು ತೀರ್ಪು ಕೊಡುವುದನ್ನು, ನಿಜ ಗೊತ್ತಿದ್ದವರು ಹೊರಗೆ ಕೂತು ಕೇಳುತ್ತಾರೆ.

ಹದಿನೈದು ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ. ಹೊರಗಿದ್ದ ಮಗುವಿನ ಕಣ್ಣು ತುಂಬಿದರೆ, ಒಳಗಿನವರು ನಿಜವಾಗಿ ದರ್ಪ ತೋರಲು ಶುರುಮಾಡಿದರೆ ತಕ್ಷಣ ನಿಲ್ಲಿಸಿ, ಎಲ್ಲರೂ ಚೀಟಿ ಹರಿದು ಹಾಕಲಿ. ಹರಿಯುವುದು ಮುಖ್ಯ, ಪಾತ್ರ ಅಲ್ಲಿಗೆ ಮುಗಿಯಿತೆಂದು ಕೈಗೆ ಗೊತ್ತಾಗುತ್ತದೆ. ಆಮೇಲೆ ವೃತ್ತದಲ್ಲಿ ಕೂರಿಸಿ, ಹೊರಗಿದ್ದವರಿಂದಲೇ ಮೊದಲು ಮಾತಾಡಿಸಿ. ಕೇಳಬೇಕಾದ್ದು ಮೂರೇ: ನಿಮಗೇನು ಗೊತ್ತಿತ್ತು? ಅದು ಶಾಸನದಲ್ಲಿ ಬರಲು ದಾರಿಯಿತ್ತೇ? ಹಾಗಾದರೆ ನಾವು ಓದುವ ಶಾಸನಗಳಲ್ಲಿ ಯಾರ ಮಾತು ಇಲ್ಲ?

ಎರಡನೇ ಹಂತದ ‘ಹೇಳದೆ ಇದ್ದದ್ದು’ ಕಾಲಂ ಈಗ ಮತ್ತೆ ತೆಗೆಸಿ. ಅಲ್ಲಿ ಹೊಸ ಸಾಲುಗಳು ಸೇರಬೇಕು.

## ಅಂಕ ಹೇಗೆ ಕೊಡುವುದು

ವೇಷಕ್ಕೆ, ಅಲಂಕಾರಕ್ಕೆ ಅಂಕವಿಲ್ಲ. ಪ್ರತಿ ಮಗುವೂ ತನ್ನ ಚೀಟಿಯ ವ್ಯಕ್ತಿಯ ಒಂದು ದಿನವನ್ನು ಒಂದು ಪುಟದಲ್ಲಿ ಬರೆಯಲಿ, ಬೆಳಗ್ಗೆ ಏನು ತಿಂದ ಎಂಬಲ್ಲಿಂದ. ಪ್ರತಿ ಸಾಲಿನ ಮುಂದೆ ಅಂಚಿನಲ್ಲಿ ಒಂದು ಅಕ್ಷರ: ಸಾಕ್ಷಿಯಿದ್ದರೆ ‘ಸಾ’, ಊಹೆಯಾದರೆ ‘ಊ’. ಪುಟದ ತುಂಬ ‘ಸಾ’ ಇದ್ದರೆ ಮಗು ಪಠ್ಯಪುಸ್ತಕ ನಕಲು ಮಾಡಿದೆ, ಬರೀ ‘ಊ’ ಇದ್ದರೆ ಎರಡನೇ ಹಂತ ಮನಸ್ಸಿಗೆ ಇಳಿದಿಲ್ಲ. ಯಾರಾದರೂ ತಿಂಡಿಗೆ ಉಪ್ಪಿಟ್ಟು, ಟೊಮೇಟೊ ಚಟ್ನಿ ಬರೆದಿದ್ದರೆ ನೀವು ಕೆಂಪು ಗೆರೆ ಎಳೆಯಬೇಡಿ. ಪಕ್ಕದವನಿಗೆ ಓದಲು ಕೊಡಿ, ಅವನೇ ಹಿಡಿಯುತ್ತಾನೆ.

ಕಡತವನ್ನು ಬೇವಿನ ಎಲೆ ಹಾಕಿ ಕಟ್ಟಿಡಿ, ಹುಣಸೆ ಅಂಟಿಗೆ ಹುಳು ಬೀಳುತ್ತದೆ. ಮಣ್ಣಿನ ಹಲಗೆಗಳನ್ನು ಒಡೆಯದೆ ಬೀರುವಿನಲ್ಲಿಡಿ. ಮುಂದಿನ ವರ್ಷದ ಮಕ್ಕಳಿಗೆ ಎರಡನೇ ಹಂತದಲ್ಲಿ ಓದಲು ಅವನ್ನೇ ಕೊಡಬಹುದು, ಬರೆದವರು ಯಾರೆಂದು ಹೇಳದೆ.